ಜೊಳ್ಳು ಕಾಡತೂಸು

ಮದುವೆಯಾಗಿ ಸವಣೂರಿಗೆ ಬಂದಾಗ ಗಂಡನ ಮನೆಯಲ್ಲಿ ನನಗೆ ಮೊದಲು ಕಲಿಸಿದ್ದು ಅಡಿಗೆಯಲ್ಲ, ಹಾಡಲ್ಲ, ರಂಗೋಲಿಯಲ್ಲ. ರಿವಾಲ್ವರಿನ ನಳಿಗೆಯ ಮೇಲೆ ಹುಣಸೆ ಬೀಜ ಕೂಡಿಸುವುದು. ಈ ಮಾತನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ. ಆ ಕೆಲಸವನ್ನು ನಾನು ಎಷ್ಟೋ ವರ್ಷ ಮಾಡಿದೆ, ಚೆನ್ನಾಗಿಯೇ ಮಾಡಿದೆ.

ನಮ್ಮ ಮನೆಯವರು ಪೊಲೀಸ್ ಫೌಜದಾರರು. ಅವರ ತಂದೆ ಶಾಸ್ತ್ರ ಪಾಠ ಹೇಳುತ್ತಿದ್ದ ಪಂಡಿತರು, ಅಜ್ಜನೂ ಅದೇ. ಆ ವಂಶದಲ್ಲಿ ಪುಸ್ತಕ ಬಿಟ್ಟು ಬೇರೆ ಏನನ್ನಾದರೂ ಹಿಡಿದು ಹೊಟ್ಟೆ ಹೊರೆದವರು ಇವರೊಬ್ಬರೇ. ಮಾವನವರು ನಾನು ಬರುವುದಕ್ಕೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಅವರು, ನಾನು ಮತ್ತು ಅತ್ತೆಯವರು. ಮಗ ಪೊಲೀಸ್ ನೌಕರಿಗೆ ಸೇರಿದ ದಿನ ಅತ್ತೆಯವರು ಊಟ ಬಿಟ್ಟು ಅತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಅಳು ನಿಂತು ಹೆಮ್ಮೆ ಶುರುವಾಗಿತ್ತು. ಆದರೆ ಮಡಿ ಮಾತ್ರ ಬಿಟ್ಟಿರಲಿಲ್ಲ. ರಿವಾಲ್ವರಿನ ತೊಗಲಿನ ಚೀಲ ತಲೆಬಾಗಿಲು ದಾಟುವಂತಿರಲಿಲ್ಲ. ಅದನ್ನು ಹೊರಗಿನ ಗೂಟಕ್ಕೆ ತೂಗುಹಾಕಿ, ಅತ್ತೆಯವರು ಹಳೆಯ ಕುಪ್ಪಸದ ಖಣದಲ್ಲಿ ಹೊಲಿದುಕೊಟ್ಟಿದ್ದ ಸಂಚಿಯಲ್ಲಿ ರಿವಾಲ್ವರನ್ನು ಹಾಕಿಕೊಂಡು ಅವರು ಒಳಗೆ ಬರುತ್ತಿದ್ದರು. ಊರಿಗೆಲ್ಲ ಹುಲಿಯಾದ ಫೌಜದಾರ ಕೆಂಪು ಖಣದ ಸಂಚಿ ಹಿಡಿದು ಒಳಗೆ ಬರುವುದನ್ನು ಕಂಡಾಗ ನನಗೆ ನಗು ತಡೆಯಲು ಸೆರಗು ಬೇಕಾಗುತ್ತಿತ್ತು.

ವರ್ಷಕ್ಕೊಮ್ಮೆ ಧಾರವಾಡದ ಮೈದಾನದಲ್ಲಿ ಗುಂಡು ಹಾರಿಸುವ ಪರೀಕ್ಷೆ ಇರುತ್ತಿತ್ತು. ಅದಕ್ಕೆ ರೂಢಿ ಮಾಡಿಕೊಳ್ಳಲು ಸರಕಾರ ಕಾಡತೂಸು ಕೊಡುತ್ತಿರಲಿಲ್ಲ. ಹಾಗಾಗಿ ರೂಢಿಯೆಲ್ಲ ಮನೆಯಲ್ಲಿ, ಗುಂಡಿಲ್ಲದೆ. ಪಡಸಾಲೆಯ ಹಿಂದಿನ ಗೋಡೆ ಮಣ್ಣಿನದು, ಒಂದು ಮೊಳಕ್ಕಿಂತ ದಪ್ಪ. ಅದರ ಮೇಲೆ ಸುಣ್ಣದಲ್ಲಿ ಒಂದು ಬೊಟ್ಟು ಇಡುತ್ತಿದ್ದೆವು. ಅವರು ಇತ್ತ ಕಂಬದ ಹತ್ತಿರ ನಿಂತು, ಕೈ ಚಾಚಿ, ಬೊಟ್ಟಿಗೆ ಗುರಿ ಹಿಡಿದು ಕುದುರೆ ಎಳೆಯುತ್ತಿದ್ದರು. 'ಟಕ್' ಎಂದಷ್ಟೇ ಸದ್ದು. ಆ ಸದ್ದಿಗೆ ನಳಿಗೆ ಕೂದಲೆಳೆಯಷ್ಟು ಅಲುಗಿದರೂ ಗುಂಡು ಗುರಿ ತಪ್ಪುತ್ತದೆಯಂತೆ. ಅಲುಗಿತೋ ಇಲ್ಲವೋ ಎಂದು ತಿಳಿಯಲು ನಳಿಗೆಯ ತುದಿಯಲ್ಲಿ ಬೀಜ. ಚೌಕಾಬಾರ ಆಡುವುದಕ್ಕೆ ನಾವು ಹೆಂಗಸರು ಹುಣಸೆ ಬೀಜವನ್ನು ಎರಡು ಹೋಳು ಮಾಡುತ್ತೇವಲ್ಲ, ಒಂದು ಮಗ್ಗುಲು ಕಪ್ಪು, ಒಂದು ಮಗ್ಗುಲು ಬಿಳುಪು, ಅದೇ. ಬಿಳಿಯ ಮಗ್ಗುಲು ಕೆಳಗೆ ಮಾಡಿ ಕೂಡಿಸಬೇಕು. ಕುದುರೆ ಎಳೆದಾಗ ಬೀಜ ಬೀಳದಿದ್ದರೆ ಕೈ ಸರಿ, ಬಿದ್ದರೆ ತಪ್ಪು. ಬಿದ್ದ ಬೀಜ ಹೆಕ್ಕಿ ಮತ್ತೆ ಕೂಡಿಸುವುದು ನನ್ನ ಪಾಲಿನ ಕೆಲಸ.

ಕಾಡತೂಸು ಕೂರುವ ಮನೆ ತೆರವಾಗಿದ್ದಾಗ ಕುದುರೆ ಎಳೆದರೆ ಬಡಿಯುವ ಮೊಳೆ ಸವೆಯುತ್ತದೆ ಎಂದು ಸೈನ್ಯದಿಂದ ನಿವೃತ್ತನಾಗಿ ಬಂದ ಒಬ್ಬ ಮುದುಕ ಅವರಿಗೆ ಹೇಳಿದ್ದ. ಅದಕ್ಕಾಗಿ ಆರೂ ಮನೆಗಳಲ್ಲಿ ಸುಟ್ಟ ಕಾಡತೂಸಿನ ಹಿತ್ತಾಳೆಯ ಸಿಪ್ಪೆ ತುಂಬಿಸುತ್ತಿದ್ದರು. ಮುಂದೆ ಸೀಸದ ಗುಂಡಿಲ್ಲ, ಒಳಗೆ ಮದ್ದಿಲ್ಲ, ಬೆನ್ನಿನ ಮೇಲೆ ಹಳೆಯ ಪೆಟ್ಟಿನ ಕುಳಿ. ಅತ್ತೆಯವರು ಅವುಗಳಿಗೆ ಜೊಳ್ಳು ಎಂದೇ ಹೆಸರಿಟ್ಟಿದ್ದರು. ರೂಢಿ ಶುರುವಾಗುವ ಮೊದಲು ನಿಜವಾದ ಕಾಡತೂಸುಗಳು ಟ್ರಂಕಿಗೆ ಹೋಗಿ ಬೀಗ ಬೀಳಬೇಕು. ಆಮೇಲೆ ಅವರು ರಿವಾಲ್ವರನ್ನು ನಡುವಿಗೆ ಬಾಗಿಸಿ ತೆರೆದು ನನ್ನ ಮುಂದೆ ಹಿಡಿಯುತ್ತಿದ್ದರು. ಆರೂ ಜೊಳ್ಳೇ ಎಂದು ನಾನು ನೋಡಬೇಕು, ನಂತರ ಅವರು ನೋಡಬೇಕು. ಒಮ್ಮೆ ಒಲೆಯ ಮೇಲೆ ಹಾಲಿದೆ ಎಂದು ಅವಸರ ಮಾಡಿ, "ನೋಡೇನಿ ತಗೋರಿ" ಅಂದುಬಿಟ್ಟೆ. ಅವರು ರಿವಾಲ್ವರನ್ನು ಸಂಚಿಗೆ ಹಾಕಿ ಆ ದಿನ ರೂಢಿಯನ್ನೇ ಬಿಟ್ಟರು. "ನೋಡದ ನೋಡೇನಿ ಅನಬ್ಯಾಡ. ಇದು ಚೌಕಾಬಾರ ಅಲ್ಲ" ಎಂದಷ್ಟೇ ಹೇಳಿದರು. ಹಾಲು ಉಕ್ಕಿಹೋಯಿತು. ಆಮೇಲೆ ನಾನು ಎಂದೂ ಅವಸರ ಮಾಡಲಿಲ್ಲ.

ಅತ್ತೆಯವರು ದೇವರ ಮನೆಯ ಹೊಸ್ತಿಲಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತ ಇದನ್ನೆಲ್ಲ ನೋಡುತ್ತಿದ್ದರು. "ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂಗ ಆತು ನಿಂದು" ಎಂದು ಮಗನನ್ನು ಚೇಷ್ಟೆ ಮಾಡುತ್ತಿದ್ದರು. ಅವರು ನೋಡಿ ನೋಡಿ ಕಲಿಯುತ್ತಿದ್ದಾರೆ ಎಂದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಮುದುಕಿಯರು ಬತ್ತಿಯನ್ನಷ್ಟೇ ನೋಡುತ್ತಾರೆ ಎಂದು ತಿಳಿಯುವುದು ಎಲ್ಲ ಮನೆಗಳ ದಡ್ಡತನ.

ಸವಣೂರಿನಿಂದ ಹಾನಗಲ್ಲಿಗೆ ವರ್ಗವಾಯಿತು. ಅಲ್ಲಿಯತನಕ ಅವರು ಪ್ರತಿ ವರ್ಷ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಿ ಬರುತ್ತಿದ್ದರು. ಹಾನಗಲ್ಲಿನಲ್ಲಿ ಒಂದು ಮಧ್ಯಾಹ್ನ ಹೊಲದ ಕಡೆಯಿಂದ ಜನ ಓಡಿಬಂದರು. ಹುಚ್ಚುನಾಯಿ ಕಡಿದ ಎತ್ತೊಂದು ಹಗ್ಗ ಹರಿದುಕೊಂಡು, ಜೊಲ್ಲು ಸುರಿಸುತ್ತ, ಕಂಡಕಂಡವರನ್ನು ಇರಿಯಲು ಬರುತ್ತಿದೆ, ಸಾಹೇಬರು ಬಂದು ಹೊಡೆಯಬೇಕು ಎಂದರು. ಪಂಡಿತರ ಮನೆತನದವರಿಗೆ ಇಂಥ ಕೆಲಸ. ಬೇರೆ ಯಾರ ಹತ್ತಿರವೂ ಆಯುಧವಿರಲಿಲ್ಲ, ಹೋದರು.

ಅಷ್ಟರಲ್ಲಿ ಎತ್ತಿನ ಒಡೆಯ ಅದರ ಕೊರಳಿಗೆ ಇನ್ನೊಂದು ಹಗ್ಗ ಹಾಕಿ ಹುಣಸೆ ಮರಕ್ಕೆ ಸುತ್ತಿ ಹಿಡಿದುಕೊಂಡು ಅಳುತ್ತಿದ್ದನಂತೆ. "ಸಾಹೇಬ್ರ, ಒಂದಽ ಏಟಿಗೆ ಮುಗಸ್ರಿ. ಅದಕ್ಕ ತ್ರಾಸ ಆಗಬಾರ್ದು" ಎಂದು ಬೇಡಿಕೊಂಡನಂತೆ. ಮೊದಲ ಗುಂಡು ಹೆಗಲಿಗೆ ಬಿತ್ತು. ಎರಡನೆಯದು ದವಡೆಗೆ. ಎತ್ತು ಬೀಳಲಿಲ್ಲ, ನಿಂತು ಇವರನ್ನೇ ನೋಡಿತು. ಕೊನೆಗೆ ಅದು ನೆಲಕ್ಕೆ ಬೀಳುವ ಹೊತ್ತಿಗೆ ರಿವಾಲ್ವರಿನಲ್ಲಿ ಒಂದೂ ಗುಂಡು ಉಳಿದಿರಲಿಲ್ಲ. ಮನೆಗೆ ಬಂದವರು ಹಿತ್ತಲಿನ ಕಲ್ಲಿನ ಮೇಲೆ ಕುಳಿತುಬಿಟ್ಟರು. ಅತ್ತೆಯವರು ತಲೆಯ ಮೇಲೆ ನೀರು ಸುರಿದರು. "ನೀ ಕೊಂದಿಲ್ಲಪಾ, ಅದರ ರೋಗ ಅದನ್ನ ಕೊಂದತಿ" ಎಂದರು. ಹಾಗೆ ಹೇಳಿದವರೇ ಒಳಗೆ ಹೋಗಿ ಪಂಚಗವ್ಯ ಕಲಸಿ ತಂದು ಕುಡಿಸಿದರು. ಬಾಯಿ ಒಂದು ಹೇಳಿತು, ಕೈ ಒಂದು ಮಾಡಿತು. ನಮ್ಮ ಮನೆಯವರು ಕೈಯನ್ನೇ ನಂಬಿದರು ಎಂದು ನನಗೆ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಆ ವರ್ಷ ಪರೀಕ್ಷೆಯಲ್ಲಿ ಅವರು ಮೊದಲ ಬಾರಿ ನಪಾಸಾದರು. ಗುಂಡು ಹಾರುವ ಒಂದು ಕ್ಷಣ ಮೊದಲು ಕೈ ತಾನಾಗಿಯೇ ಜಗ್ಗುತ್ತದೆ, ಕಣ್ಣು ಮುಚ್ಚುತ್ತದೆ ಎಂದು ನನಗೊಬ್ಬಳಿಗೇ ಹೇಳಿದರು. ಇದರಲ್ಲಿ ವಿಚಿತ್ರವೆಂದರೆ ಮನೆಯಲ್ಲಿ ಜೊಳ್ಳು ಹಾಕಿ ಎಳೆದಾಗ ಕೈ ಕಲ್ಲಿನಂತಿರುತ್ತಿತ್ತು. ಬೀಜ ಬೀಳುತ್ತಲೇ ಇರಲಿಲ್ಲ. ಒಳಗೆ ಗುಂಡಿದೆ ಎಂದು ಗೊತ್ತಾದರೆ ಸಾಕು, ಕೈ ಕೆಡುತ್ತಿತ್ತು. ರೋಗ ಕೈಯಲ್ಲಿರಲಿಲ್ಲ, ಗೊತ್ತಿರುವುದರಲ್ಲಿತ್ತು. ಅದಕ್ಕೆ ಯಾವ ಕಷಾಯ ಕೊಡುತ್ತೀರಿ?

ಮೇಲಿನವರು ಒಂದು ವರ್ಷದ ಸಮಯ ಕೊಟ್ಟು ಶಿಗ್ಗಾವಿಗೆ ಕಳಿಸಿದರು. ಮುಂದಿನ ಪರೀಕ್ಷೆಯಲ್ಲೂ ತಪ್ಪಿದರೆ ಠಾಣೆ ಬಿಡಿಸಿ, ರಿವಾಲ್ವರು ತೆಗೆದುಕೊಂಡು, ಯಾವುದಾದರೂ ಮೂಲೆಯಲ್ಲಿ ಬರವಣಿಗೆಗೆ ಕೂರಿಸುತ್ತೇವೆ ಎಂದು ಬಾಯಿಬಿಟ್ಟು ಹೇಳಿದ್ದರು. ಅವರಿಗೆ ಠಾಣೆಯೇ ಜೀವ. ದುಂಡಸಿಯ ಕಡೆ ಬದುವಿನ ಜಗಳಕ್ಕೆ ಕುಡಗೋಲು ಹಿಡಿದು ನಿಂತವರ ನಡುವೆ ಸೈಕಲ್ ಒರಗಿಸಿ, ಕುಡಿಯಲು ನೀರು ಕೇಳಿ, ಮಾತಿನಲ್ಲೇ ಜಗಳ ಇಳಿಸಿ ಬರುವ ಮನುಷ್ಯ ಅವರು. ರಿವಾಲ್ವರನ್ನು ತೊಗಲಿನ ಚೀಲದಿಂದ ತೆಗೆಯುವುದೇ ಅಪರೂಪ. ಆದರೆ ಅದು ಸೊಂಟದಲ್ಲಿ ಇಲ್ಲದಿದ್ದರೆ ಆ ಕುರ್ಚಿಯಲ್ಲಿ ಕೂರುವ ಹಕ್ಕಿಲ್ಲ. ಅಂಥದೊಂದು ವಸ್ತುವಿಗಾಗಿ ಮನುಷ್ಯ ಇಷ್ಟು ಸವೆಯಬೇಕೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೂ ದಿನಾ ಸಂಜೆ ಬೀಜ ಕೂಡಿಸಿದೆ.

ಆ ವರ್ಷ ನಮ್ಮ ಮನೆಯಲ್ಲಿ ನಗು ಕಡಿಮೆಯಾಯಿತು. ಊಟದ ಎಲೆಯ ಮುಂದೆ ಕುಳಿತು ಅವರು ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಅತ್ತೆಯವರಿಗೂ ಪರೀಕ್ಷೆಯ ಸಂಗತಿ ಗೊತ್ತಿತ್ತು. ಅವರ ಚೇಷ್ಟೆ ನಿಂತುಹೋಯಿತು. ಜಪದ ನಡುವೆ ತಲೆಯೆತ್ತಿ ಮಗನ ಕೈಯನ್ನೂ ಗೋಡೆಯ ಬೊಟ್ಟನ್ನೂ ಒಂದಾದ ಮೇಲೊಂದು ನೋಡುತ್ತಿದ್ದರು. ಒಂದು ದಿನ ನನ್ನನ್ನು ಕೇಳಿದರು:

"ದಿನಾ ಜೊಳ್ಳಿನ ಮ್ಯಾಲ ಕೈ ಆಡಿಸಿದ್ರ ಕೈಗೆ ಜೊಳ್ಳಽ ರೂಢಿ ಆಗಂಗಿಲ್ಲೇನ?"

"ಹಂಗಽ ಮಾಡೂದಂತರಿ ಅದು" ಎಂದೆ.

"ಆಗ್ಲಿ" ಎಂದು ಮತ್ತೆ ಜಪಕ್ಕೆ ಕುಳಿತರು. ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಅತ್ತೆಯವರ ರೀತಿಯನ್ನು ಸ್ವಲ್ಪ ಹೇಳಬೇಕು. ಅವರ ಕೈಯಲ್ಲಿ ಯಾವ ಪಾತ್ರೆಯೂ ಬರಿದಾಗಿ ಇರುತ್ತಿರಲಿಲ್ಲ. ನೆರೆಮನೆಯವರ ಡಬ್ಬಿ ತಿರುಗಿ ಕೊಡುವಾಗ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡಬೇಕು. ಅಕ್ಕಿಯ ಮಡಕೆ ತೊಳೆಯುವಾಗಲೂ ತಳದಲ್ಲಿ ನಾಲ್ಕು ಕಾಳು ತೆಗೆದಿಟ್ಟು ಮತ್ತೆ ಹಾಕಬೇಕು. ದೇವರ ವಿಷಯದಲ್ಲಂತೂ ಕೇಳುವುದೇ ಬೇಡ. ಅಕ್ಷತೆಗೆ ಅಕ್ಕಿ ಆರಿಸುವಾಗ ಮುರಿದ ಕಾಳು ಒಂದು ಕಂಡರೂ ಬೇರೆ ಮಾಡುತ್ತಿದ್ದರು. ಇನ್ನು ಖಂಡೇನವಮಿಯ ಆಯುಧಪೂಜೆ. ನಮ್ಮಲ್ಲಿ ಆ ದಿನ ಮಾವನವರ ಪುಸ್ತಕಗಳನ್ನು ಮಣೆಯ ಮೇಲಿಟ್ಟು ಪೂಜೆ ಮಾಡುವುದು ಹಿಂದಿನಿಂದ ಬಂದದ್ದು. ಪೂಜೆಗಿಟ್ಟ ಪುಸ್ತಕವನ್ನು ಮರುದಿನ ದಶಮಿಯ ತನಕ ಯಾರೂ ಮುಟ್ಟಬಾರದು. ದಶಮಿಯ ದಿನ ಎತ್ತಿದ ಮೇಲೆ ಅಲ್ಲೇ ಕುಳಿತು ಒಂದಿಷ್ಟಾದರೂ ಓದಲೇಬೇಕು. ಓದದೆ ಕಟ್ಟಿಟ್ಟರೆ ವರ್ಷವೆಲ್ಲ ವಿದ್ಯೆ ನಿಲ್ಲುತ್ತದೆ ಎಂಬ ನಂಬಿಕೆ. ಮಗ ಫೌಜದಾರನಾದ ಮೇಲೆ ಆ ಪುಸ್ತಕಗಳ ಪಕ್ಕದಲ್ಲಿ ರಿವಾಲ್ವರಿಗೂ ಜಾಗ ಸಿಕ್ಕಿತ್ತು.

ಶಿಗ್ಗಾವಿಯ ಆ ಖಂಡೇನವಮಿಗೆ ನಾನು ಹೊರಗಾಗಿದ್ದೆ. ಮುಂಬಾಗಿಲ ಪಕ್ಕದ ಖೋಲಿಯಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದೆ. ಪಡಸಾಲೆಗೆ ಬರುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ಪರೀಕ್ಷೆ ಹಬ್ಬದ ಮರುವಾರ. ಪೂಜೆಗೆ ಮೊದಲು ಅವರು ಜೊಳ್ಳುಗಳನ್ನು ತುಂಬಿ, ನೋಡಿ, ರಿವಾಲ್ವರನ್ನು ಮಣೆಯ ಮೇಲಿಟ್ಟರು. ಆಗ ಅತ್ತೆಯವರು, "ಆ ಖರೇ ಕಾಡತೂಸೂ ತಾ, ಅವಕ್ಕೂ ಕುಂಕುಮ ಬೀಳ್ಲಿ" ಎಂದದ್ದು ನನಗೆ ಖೋಲಿಯಿಂದ ಕೇಳಿಸಿತು. ಅವರು ಟ್ರಂಕಿನಿಂದ ನಿಜವಾದ ಕಾಡತೂಸುಗಳನ್ನು ತಂದು ಹಿತ್ತಾಳೆ ಬಟ್ಟಲಿನಲ್ಲಿಟ್ಟರು. ಹಿಂದಿನ ಯಾವ ವರ್ಷವೂ ಹಾಗೆ ಇಟ್ಟಿರಲಿಲ್ಲ. ತಾಯಿ ಕೇಳಿದರು, ಹಬ್ಬದ ದಿನ, ಇಟ್ಟರು. ಮಡಿಯಲ್ಲಿರುವ ದೇವರ ಮನೆಗಿಂತ ಭದ್ರವಾದ ತಿಜೋರಿ ಯಾವುದಿದೆ ಎಂದು ಅವರಿಗೆ ಅನ್ನಿಸಿರಬೇಕು.

ಮರುದಿನ ದಶಮಿ. ಮಧ್ಯಾಹ್ನ ಉತ್ತರಪೂಜೆಯಾಯಿತು. ಪುಸ್ತಕ ತೆಗೆದು ಅವರು ನಾಲ್ಕು ಶ್ಲೋಕ ಓದಿದರು. ಊಟವಾಯಿತು. ಬನ್ನಿ ಕೊಡಲು ಜನ ಬರುವುದಕ್ಕೆ ಇನ್ನೂ ಹೊತ್ತಿತ್ತು. ಅತ್ತೆಯವರು ಹೇಳಿದರು:

"ಪುಸ್ತಕಾ ಓದಿದಿ. ಅದನ್ನೂ ನಾಕು ಸಲಾ ಓದಿಬಿಡು. ಎತ್ತಿ ಸುಮ್ಮನ ಇಡಬಾರ್ದು."

"ಬೀಜಾ ಇಡಾಕ ಇಕಿ ಇಲ್ಲಲ್ಲವ್ವಾ."

"ನಾ ಇಡ್ತೇನಿ. ನನಗೇನ ಕೈ ಇಲ್ಲೇನ?"

ನಮ್ಮ ಮನೆಯವರು ನಕ್ಕದ್ದು ಕೇಳಿಸಿತು. ಬಹಳ ದಿನಗಳ ಮೇಲೆ ಕೇಳಿದ ನಗು. ನನಗೂ ಖೋಲಿಯಲ್ಲಿ ನಗು ಬಂತು. ಆರು ಮನೆ ನೋಡಿ ಎಂದು ಕೂಗಬೇಕು ಎಂಬ ಯೋಚನೆಯೇ ಬರಲಿಲ್ಲ, ಬರುವುದಕ್ಕೆ ಕಾರಣವೂ ಇರಲಿಲ್ಲ. ನಿನ್ನೆ ಅವರೇ ಜೊಳ್ಳು ತುಂಬಿದ್ದರು. ಆಮೇಲೆ ಅದು ದೇವರ ಮುಂದೆ ಹೂವಿನ ಕೆಳಗೆ ಇತ್ತು. ತಾಯಿಯ ಕೈಯಿಂದ, ಕುಂಕುಮ ಹಚ್ಚಿಸಿಕೊಂಡು ಬಂದ ವಸ್ತುವನ್ನು ಬಾಗಿಸಿ ಪರೀಕ್ಷೆ ಮಾಡುವುದಾಗಲಿ, ಬಟ್ಟಲಿನಲ್ಲಿದ್ದವನ್ನು ಎಣಿಸಿ ಟ್ರಂಕಿಗೆ ಹಾಕುವುದಾಗಲಿ ಅವರಿಗೆ ತೋಚಲಿಲ್ಲ. ಎಷ್ಟೋ ವರ್ಷ ನನ್ನನ್ನು ನಂಬದೆ ಮತ್ತೊಮ್ಮೆ ನೋಡುತ್ತಿದ್ದ ಮನುಷ್ಯ ಆ ದಿನ ದೇವರನ್ನೂ ತಾಯಿಯನ್ನೂ ನಂಬಿದರು.

ಟಕ್. ಬೀಜ ಬಿದ್ದಿರಬೇಕು, ಅತ್ತೆಯವರು "ತಡಿ ತಡಿ" ಎಂದರು. ಅವರಿಗೆ ಬೀಜ ಕೂಡಿಸುವುದು ಗೊತ್ತಿರಲಿಲ್ಲ. ಮಗ್ಗುಲಲ್ಲಿ ನಿಂತು ಇಡಬೇಕಾದದ್ದನ್ನು ಮುಂದೆ ಬಂದು, ಅಂಗೈಯಲ್ಲಿ ನಳಿಗೆಯ ಬಾಯಿಯನ್ನೇ ಹಿಡಿದು ಇಡುತ್ತಿದ್ದರಂತೆ. ಮತ್ತೆ ಟಕ್. ಮತ್ತೆ "ತಡಿಯಪಾ." ನಂತರ ಮನೆಯೇ ಬಿರಿದಂಥ ಸದ್ದು. ಮಾಳಿಗೆಯ ಮಣ್ಣು ನನ್ನ ತಲೆಯ ಮೇಲೆ ಉದುರಿತು.

ಓಡಿದೆ. ಮೈಲಿಗೆ, ಮಡಿ, ಹೊಸ್ತಿಲು ಏನೂ ನೆನಪಾಗಲಿಲ್ಲ. ಪಡಸಾಲೆ ತುಂಬ ಹೊಗೆ. ಅವರು ಕಂಬಕ್ಕೆ ಆತು ನಿಂತಿದ್ದರು, ರಿವಾಲ್ವರು ಕೈಯಲ್ಲೇ ಇತ್ತು. ಅತ್ತೆಯವರು ಅವರ ಎಡಮಗ್ಗುಲಲ್ಲಿ ನಳಿಗೆಯ ಹತ್ತಿರವೇ ನಿಂತು, ಬಲಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು. ಬೆರಳ ಸಂದಿಯಲ್ಲಿ ಸ್ವಲ್ಪ ರಕ್ತ. ಆದರೆ ಅವರ ಮುಖದಲ್ಲಿ ನೋವಿರಲಿಲ್ಲ. ಗೋಡೆಯ ಕಡೆ ನೋಡಿ ಚೀರುತ್ತಿದ್ದರು.

"ಹತ್ತಿತು! ನಡೂಕಽ ಹತ್ತೇತಿ ನೋಡು! ನಾರಾಯಣಾ, ನಡೂಕಽ!"

ನಿಜ. ಸುಣ್ಣದ ಬೊಟ್ಟು ಇದ್ದ ಜಾಗದಲ್ಲಿ ಬೆರಳು ಹೋಗುವಷ್ಟು ತೂತು ಬಿದ್ದಿತ್ತು. ಗುಂಡಿದೆ ಎಂದು ಗೊತ್ತಿಲ್ಲದ್ದರಿಂದ ಅವರ ಕೈ ಅಲುಗಿರಲಿಲ್ಲ. ಹಾನಗಲ್ಲಿನ ಎತ್ತಿನ ನಂತರ ಅವರು ಹೊಡೆದ ಒಂದೇ ಒಂದು ಒಳ್ಳೆಯ ಗುಂಡು ಅದು.

ಅವರು ಬಹಳ ಮೆಲ್ಲಗೆ ಕೇಳಿದರು: "ಅವ್ವಾ, ಇದರಾಗ ಗುಂಡು ಯಾರು ಹಾಕಿದ್ರು?"

ಕಿವಿ ಮುಚ್ಚಿದ್ದಕ್ಕೋ ಏನೋ ಅತ್ತೆಯವರು ಊರಿಗೆ ಕೇಳುವಂತೆ ಉತ್ತರ ಕೊಟ್ಟರು. "ನಾನಽ ಹಾಕೇನಿ. ದೇವರ ಮುಂದ ಜೊಳ್ಳು ಇಡ್ತಾರೇನೋ? ಬರೀಲಾರದ ಹಾಳೀನ ಎಂದಾದ್ರೂ ಪೂಜಿಗೆ ಇಟ್ಟೀವೇನು ನಾವು? ಒಂದು ಜೊಳ್ಳು ತಗದು ಒಂದು ಗಟ್ಟಿ ಕಾಳು ಹಾಕ್ದೆ. ದಿನಾ ನೋಡ್ತಿದ್ದೆ, ಅದೇನು ದೊಡ್ಡ ವಿದ್ಯಾ? ಈಗ ನೋಡು, ಕೈ ಹೆಂಗ ನಿಂತತಿ!"

ಅವರು ಗೋಡೆಯನ್ನು ನೋಡಲೇ ಇಲ್ಲ. ತಾಯಿಯ ಬಲಗೈಯನ್ನು ನೋಡುತ್ತಿದ್ದರು. ಒಂದು ಉಸಿರಿನಷ್ಟು ಮೊದಲು ಆ ಅಂಗೈ ನಳಿಗೆಯ ಬಾಯಿಗೆ ಅಡ್ಡ ಇತ್ತು. ಆ ಕೈಯ ಹಿಂದೆ ಎದೆ ಇತ್ತು. ರಿವಾಲ್ವರನ್ನು ಬಾಗಿಸಿ, ಎಲ್ಲವನ್ನೂ ನೆಲದ ಮೇಲೆ ಸುರಿದು, ಅವರು ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಅತ್ತೆಯವರಿಗೆ ಅದು ಕೇಳಿಸಲಿಲ್ಲ. ಹೊರಗಾದವಳು ಒಳಗೆ ಬಂದು ನಿಂತದ್ದನ್ನೂ ಅವರು ಗಮನಿಸಲಿಲ್ಲ. ನನ್ನ ಕಡೆ ತಿರುಗಿ, "ಗೋಡಿಗೆ ಕುಂಕುಮ ಹಚ್ಚಬೇಕು" ಎಂದರು.

ನನಗೆ ಆ ಗಳಿಗೆಯಲ್ಲಿ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ಆ ಮುದುಕಿಯ ರಟ್ಟೆ ಹಿಡಿದು ಅಲುಗಾಡಿಸಬೇಕೆನ್ನಿಸಿತು. ಮಾಡಿದ್ದರೆ ಏನಾಗುತ್ತಿತ್ತು? ಅವರು ಮಾಡಿದ್ದು ದ್ವೇಷದಿಂದಲ್ಲ, ಅಜ್ಞಾನ ಎನ್ನಲೂ ಮನಸ್ಸು ಒಪ್ಪುವುದಿಲ್ಲ. ಮಗನಿಗೆ ಜಯ ಸಿಗಲಿ ಎಂದು ಅವರಿಗೆ ಗೊತ್ತಿದ್ದ ಒಂದೇ ಶಾಸ್ತ್ರದ ಪ್ರಕಾರ ಮಾಡಿದರು. ಅಂಥವರ ಮೇಲೆ ಸಿಟ್ಟು ಮಾಡುವುದು ಬಹಳ ಕಷ್ಟದ ಕೆಲಸ. ಮಾಡದಿರುವುದು ಇನ್ನೂ ಕಷ್ಟ.

ಮರುದಿನ ಅವರು ಮೇಲಧಿಕಾರಿಯ ಹತ್ತಿರ ಹೋಗಿ, ಮನೆಯಲ್ಲಿ ತನ್ನ ಅಜಾಗರೂಕತೆಯಿಂದ ಒಂದು ಗುಂಡು ಹಾರಿತು ಎಂದರು. ತಾಯಿಯ ಹೆಸರು ಎತ್ತಲಿಲ್ಲ. ಆ ಅಧಿಕಾರಿ ಒಳ್ಳೆಯ ಮನುಷ್ಯ. ಹುಚ್ಚುನಾಯಿಗೆ ಹೊಡೆದೆ ಎಂದು ಹೇಳಿ ಮುಗಿಸಿ ಎಂದನಂತೆ. "ಒಂದು ಎತ್ತಿನ ಪಾಪ ನನ್ನ ಹೆಗಲ ಮ್ಯಾಲ ಐತ್ರಿ, ನಾಯೀದೂ ಬ್ಯಾಡ" ಎಂದು ಇವರು ಹೇಳಿ ಬಂದರು. ಬೈಸಿಕೊಂಡದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. ಆ ಸಂಜೆ ನಾನು ಸ್ನಾನ ಮಾಡಿ ಒಳಗೆ ಬಂದಿದ್ದೆ. ಪರೀಕ್ಷೆ ಹತ್ತಿರವಿತ್ತಲ್ಲ, ರೂಢಿಗೆ ನಿಂತರು. ಜೊಳ್ಳುಗಳನ್ನು ನಾನು ನೋಡಿದೆ, ಅವರು ನೋಡಿದರು, ಮತ್ತೆ ನನಗೆ ತೋರಿಸಿದರು, ಮತ್ತೆ ನೋಡಿದರು. ನಾನು ಬೀಜ ಕೂಡಿಸಿದೆ. ಕುದುರೆ ಎಳೆಯುವ ಮೊದಲೇ ಬೀಜ ಬಿತ್ತು. ಮತ್ತೆ ಕೂಡಿಸಿದೆ, ಮತ್ತೆ ಬಿತ್ತು. ಮೂರನೆಯ ಸಲ ನನ್ನ ಕೈ ನಳಿಗೆಯ ಹತ್ತಿರ ಹೋದಾಗ ಅವರು ರಿವಾಲ್ವರನ್ನು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ. ಕೈ ತಗಿ. ಮುಂದ ಬರಬ್ಯಾಡ" ಎಂದರು.

ಅಲ್ಲಿಗೆ ಮುಗಿಯಿತು. ಜೊಳ್ಳು ಹಾಕಿದಾಗಲಾದರೂ ಕಲ್ಲಿನಂತಿದ್ದ ಕೈ ಅದು. ಜಗತ್ತಿನಲ್ಲಿ ಜೊಳ್ಳು ಎಂಬುದು ಒಂದಿದೆ ಎನ್ನುವ ನಂಬಿಕೆಯೇ ಅವರಿಂದ ಹೋಗಿಬಿಟ್ಟಿತು.

ಮೈದಾನದಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಬಸ್ಸಿಳಿದು ಮನೆಗೆ ಬರುವಾಗ ಅವರ ಸೊಂಟದಲ್ಲಿ ಏನೂ ಇರಲಿಲ್ಲ. ಅತ್ತೆಯವರು ಬಾಗಿಲಿಗೇ ಬಂದು ನಿಂತಿದ್ದರು. ಅಷ್ಟರಲ್ಲಿ ಅವರ ಬಲಗಿವಿ ಪೂರ್ತಿ ಹೋಗಿದೆ ಎಂದು ವೈದ್ಯರು ಹೇಳಿಯಾಗಿತ್ತು. ಎಡಗಿವಿಯನ್ನು ಮುಂದೆ ಮಾಡಿ, "ಏನಾತಪಾ?" ಎಂದರು.

"ಪಾಸಾತವ್ವಾ" ಎಂದರು ಅವರು. "ಹಿರೇಕೆರೂರಿಗೆ ಹಾಕ್ಯಾರ. ಅಲ್ಲಿಯವರು ನಾನಽ ಬೇಕಂತ ಕೇಳ್ಯಾರಂತ."

ಅತ್ತೆಯವರು ಓಣಿಗೆಲ್ಲ ಸಕ್ಕರೆ ಹಂಚಿದರು. ಬಟ್ಟಲು ಹಿಡಿದು ಅವರ ಹಿಂದೆ ಹೋದವಳು ನಾನು. ಪ್ರತಿ ಬಾಗಿಲಲ್ಲಿ ನಿಂತು ಗೋಡೆಯ ತೂತಿನ ಕಥೆ ಹೇಳಿದರು. ಕಿವಿ ಹೋದದ್ದಕ್ಕೆ ಒಬ್ಬರು ಮರುಗಿದರೆ, "ಹೋಗ್ಲಿ ಬಿಡವಾ, ಮಗನ ನೌಕರಿಗೆ ಒಂದು ಕಿವಿ ಏನು ದೊಡ್ಡದು" ಎಂದರು. ಮನೆ ಖಾಲಿ ಮಾಡುವ ದಿನ ಆ ತೂತಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದು ಹೊರಟರು.

ಹಿರೇಕೆರೂರಿನಲ್ಲಿ ಅವರದು ಮೂಲೆಯ ಮೇಜು. ತಮಗಿಂತ ಚಿಕ್ಕ ವಯಸ್ಸಿನ ಫೌಜದಾರನ ಕೈಕೆಳಗೆ ಕಾಗದ ಬರೆಯುವ ಕೆಲಸ. ನನ್ನ ತವರು ರಟ್ಟೀಹಳ್ಳಿ ಅಲ್ಲಿಗೆ ಹತ್ತಿರ. ಅದೊಂದೇ ಸುಖ, ಅದೂ ಅವರಿಗಲ್ಲ. ಮುಂದಿನ ಖಂಡೇನವಮಿಗೆ ಅತ್ತೆಯವರು ಮಣೆಯ ಮೇಲೆ ಪುಸ್ತಕದ ಪಕ್ಕದಲ್ಲಿ ಜಾಗ ಬಿಟ್ಟು, "ಎಲ್ಲೈತಿ, ತಾ" ಎಂದರು. "ದೊಡ್ಡ ಠಾಣಾ ಅವ್ವಾ. ಇಲ್ಲಿ ಎಲ್ಲಾರ್ದೂ ಕೂಡಿಸಿ ಅಲ್ಲೇ ಪೂಜಾ ಮಾಡ್ತಾರ" ಎಂದರು. ಪ್ರತಿ ವರ್ಷ ಅತ್ತೆಯವರು ಆ ಜಾಗ ಬಿಡುತ್ತಲೇ ಇದ್ದರು. ಬರಿದು ಬಿಡಬಾರದೆಂದು ಅಲ್ಲಿ ಒಂದು ಅಡಿಕೆ ಇಡುತ್ತಿದ್ದರು.

ನಿಜ ಹೇಳಿಬಿಡಿ ಎಂದು ನಾನು ಎಷ್ಟೋ ಸಲ ಜಗಳ ತೆಗೆದೆ. ಸುಳ್ಳನ್ನು ಸಾಕುವುದು ಎಮ್ಮೆ ಸಾಕಿದಂತೆ, ಎರಡು ಹೊತ್ತು ಹಾಕುತ್ತಲೇ ಇರಬೇಕು. ಅವರ ಉತ್ತರ ಒಂದೇ: "ಹೇಳಿದ್ರ ಆಕೀ ಕಿವಿ ದಂಡಕ್ಕ ಹೋತು ಅಂತ ಆಕಿಗೆ ಗೊತ್ತಾಗತೈತಿ. ಈಗಾದ್ರ ಅದಕ್ಕ ಒಂದು ಬೆಲಿ ಐತಿ." ಆಮೇಲೆ ನಾನೂ ಆ ಎಮ್ಮೆಗೆ ಮೇವು ಹಾಕತೊಡಗಿದೆ.

ಕೊನೆಯಲ್ಲಿ ಅತ್ತೆಯವರು ಹಾಸಿಗೆ ಹಿಡಿದರು. ಕಣ್ಣಿಗೆ ಪೊರೆ ಬಂದು ಬೆಳಕಷ್ಟೇ ತಿಳಿಯುತ್ತಿತ್ತು. ಯಾವಾಗಲೂ ಎಡಮಗ್ಗುಲಿಗೇ ಮಲಗುತ್ತಿದ್ದರು. ಕೇಳಿಸುವ ಕಿವಿ ದಿಂಬಿನಲ್ಲಿ, ಸತ್ತ ಕಿವಿ ಮೇಲೆ. ದಿನಾ ಸಂಜೆ, ಹಿಂದೆ ಬೀಜ ಕೂಡಿಸುತ್ತಿದ್ದ ಹೊತ್ತಿಗೆ, ಅವರು ಕಚೇರಿಯಿಂದ ಬಂದು ಕೈಕಾಲು ತೊಳೆದು ತಾಯಿಯ ತಲೆದೆಸೆಯಲ್ಲಿ ಕುಳಿತು ಆ ಮೇಲಿನ ಕಿವಿಯ ಹತ್ತಿರ ಬಾಗಿ ಏನೋ ಹೇ​ಳುತ್ತಿದ್ದರು. ಸ್ತೋತ್ರ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಒಂದು ಸಂಜೆ ಹಾಲಿನ ಬಟ್ಟಲು ಹಿಡಿದು ಒಳಗೆ ಹೋದಾಗ ಕೇಳಿಸಿತು.

"ಅವ್ವಾ, ನಾ ಅವತ್ತ ಪಾಸಾಗಲಿಲ್ಲ. ಒಂದೂ ಹತ್ತಲಿಲ್ಲ. ಕೈ ಎತ್ತಿದ್ರ ಸಾಕು, ಮುಂದ ನಿನ್ನ ಅಂಗೈ ಕಾಣತಿತ್ತು. ಈಗ್ಲೂ ಕಾಣತೈತಿ."

ಉಸಿರು ತಾಗಿರಬೇಕು, ಅತ್ತೆಯವರು ಮೆಲ್ಲಗೆ ಮುಖ ತಿರುಗಿಸಿ ಎಡಗಿವಿ ಮೇಲೆ ಮಾಡಿದರು. "ಏನಂದ್ಯೋ?"

"ಏನಿಲ್ಲವ್ವಾ. ಹಾಲು ಕುಡೀತೀಯೇನಂದೆ."

"ಹೂಂ. ನೀನಽ ಕುಡಿಸು. ಇಕಿ ಚೆಲ್ಲತಾಳ. ನಿನ್ನ ಕೈ ಗಟ್ಟಿ."

ಅವರು ನನ್ನಿಂದ ಬಟ್ಟಲು ತೆಗೆದುಕೊಂಡರು. ಹಾಲು ಅಂಚಿನ ತನಕ ಬಂದು ತುಳುಕಿತು. ಎರಡೂ ಕೈಯಲ್ಲಿ ಹಿಡಿದರೂ ನಿಲ್ಲಲಿಲ್ಲ. ನಾನು ಹಿಂದಿನಿಂದ ಬಂದು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಬಟ್ಟಲನ್ನು ಅತ್ತೆಯವರ ತುಟಿಯ ತನಕ ಒಯ್ದೆ. ಅವರು ಒಂದು ಹನಿಯೂ ಚೆಲ್ಲದಂತೆ ಕುಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿ, "ನೋಡಿದೇನ?" ಎಂದರು.

"ನೋಡೇನ್ರಿ" ಎಂದೆ.